ಏಜಾಕ್ಸನ ಹೆಣ, ಅಣಜಿಯ ಕಲ್ಲು

ಗ್ರೀಕ್ ಪುರಾಣಗಳನ್ನು ಕನ್ನಡದಲ್ಲಿ ಓದಲು ಕುಳಿತಾಗ ನಾವು ಮೊದಲು ಮಾಡುವ ಕೆಲಸ ಹೆಸರಿಗೆ ಹೆಸರು ಜೋಡಿಸುವುದು. ಜ್ಯೂಸ್ ಎಂದರೆ ಇಂದ್ರ, ಪೊಸೈಡನ್ ಎಂದರೆ ವರುಣ, ಹೆರಾಕ್ಲೀಸ್ ಎಂದರೆ ಭೀಮ, ಟ್ರಾಯ್ ಎಂದರೆ ಲಂಕೆ. ಈ ಚಾಳಿ ಹೊಸದಲ್ಲ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಬಂದ ಮೆಗಸ್ತನೀಸ್ ಇಲ್ಲಿನ ದೇವರುಗಳಲ್ಲಿ ತನ್ನ ಹೆರಾಕ್ಲೀಸನನ್ನೂ ಡಯೊನೈಸಸನನ್ನೂ ಕಂಡ. ವಿಲಿಯಂ ಜೋನ್ಸ್ 1784ರಲ್ಲಿ ಗ್ರೀಸ್, ಇಟಲಿ, ಭಾರತಗಳ ದೇವತೆಗಳ ಬಗ್ಗೆ ಪ್ರಬಂಧ ಬರೆದು ನಮ್ಮ ಗಣೇಶನನ್ನು ರೋಮನರ ಜೇನಸ್ ದೇವತೆಯ ಪಕ್ಕದಲ್ಲಿ ನಿಲ್ಲಿಸಿದರು. ಇಂಥ ಜೋಡಣೆಗಳಲ್ಲಿ ಕೆಲವು ಸುಳ್ಳಲ್ಲ. ವೇದದ ದ್ಯೌಸ್ ಮತ್ತು ಗ್ರೀಕರ ಜ್ಯೂಸ್ ಒಂದೇ ಬೇರಿನಿಂದ ಬಂದವರೆಂಬುದನ್ನು ಭಾಷಾವಿಜ್ಞಾನ ಒಪ್ಪುತ್ತದೆ. ಆದರೆ ಅದನ್ನು ಒಪ್ಪಿದ ಮೇಲೂ ಅಥೆನ್ಸಿನ ಒಬ್ಬ ಕುಂಬಾರ ಯಾರ ಮುಂದೆ ಕೈಮುಗಿದ, ಯಾವ ಗೋರಿಗೆ ಹೆದರಿದ, ಯುದ್ಧಕ್ಕೆ ಹೊರಡುವಾಗ ಯಾರನ್ನು ಕರೆದ ಎಂಬುದು ನಮಗೆ ತಿಳಿಯುವುದಿಲ್ಲ. ಈ ಉಪನ್ಯಾಸದಲ್ಲಿ ನಾನು ಮಂಡಿಸುವ ವಾದ ಇಷ್ಟು: ಗ್ರೀಕ್ ಪುರಾಣಕ್ಕೆ ಕನ್ನಡದ ಓದುಗ ಹೊಗಬೇಕಾದ ಬಾಗಿಲು ದೇವತೆಗಳ ಹೆಸರುಗಳಲ್ಲಿಲ್ಲ, ಸತ್ತವರ ಸ್ಥಾನದಲ್ಲಿದೆ. ಆ ಬಾಗಿಲು ನಮ್ಮ ಊರುಗಳ ಹೊರಗೆ, ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ವೀರಗಲ್ಲಿನ ರೂಪದಲ್ಲಿ ನಿಂತಿದೆ.

ದಾವಣಗೆರೆ ಜಿಲ್ಲೆಯ ಸಂತೇಬೆನ್ನೂರಿಗೆ ಬರುವವರು ಹನುಮಪ್ಪ ನಾಯಕನ ಪುಷ್ಕರಣಿಯನ್ನೂ ನೀರಿನ ನಡುವಿನ ವಸಂತಮಂಟಪವನ್ನೂ ಎದುರಿನ ಮುಸಾಫಿರ್‌ಖಾನೆಯನ್ನೂ ನೋಡಿ ಹಿಂದಿರುಗುತ್ತಾರೆ. ಅವು ನೋಡಲೇಬೇಕಾದವು. ಆದರೆ ಈ ಸೀಮೆಯ ಹೆಚ್ಚು ಹಳೆಯ, ಹೆಚ್ಚು ದಟ್ಟವಾದ ದಾಖಲೆ ಇರುವುದು ಬೇರೆ ಕಡೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರಗಳ ಜೊತೆ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಇಂದಿನ ನ್ಯಾಮತಿ ತಾಲ್ಲೂಕು ಆಗ ಹೊನ್ನಾಳಿಯೊಳಗೇ ಇತ್ತು. ಮರುವರ್ಷದ ಹನ್ನೊಂದನೆಯ ಸಂಪುಟದಲ್ಲಿ ದಾವಣಗೆರೆ, ಜಗಳೂರುಗಳಿವೆ. ಈ ಎರಡು ಸಂಪುಟಗಳ ಪುಟ ತಿರುವುತ್ತ ಹೋದರೆ ಅರಸರ ದಾನಗಳ ನಡುನಡುವೆ ಮತ್ತೆ ಮತ್ತೆ ಎದುರಾಗುವವನು ಸತ್ತ ಮನುಷ್ಯ. ದನ ಹೊಡೆದೊಯ್ಯುವ ತುರುಗೋಳಿನಲ್ಲಿ ಸತ್ತವನು, ಊರಳಿವಿನಲ್ಲಿ ಸತ್ತವನು, ಹೆಣ್ಣಿನ ಮಾನ ಕಾಯಲು ಪೆಣ್ಬುಯ್ಯಲಿನಲ್ಲಿ ಸತ್ತವನು, ಹುಲಿಬೇಟೆಯಲ್ಲಿ ಸತ್ತವನು. ವೀರಗಲ್ಲಿನ ಕೆಳಪಟ್ಟಿಯಲ್ಲಿ ಅವನ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವ ನೋಟ, ಮೇಲೆ ಲಿಂಗದ ಮುಂದೆ ಕುಳಿತ ಅವನೇ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲೇ ಈ ಕಲ್ಲುಗಳನ್ನು ಸಮಾಜದ ಚರಿತ್ರೆಯಾಗಿ ಓದುವ ದಾರಿ ತೋರಿಸಿತು, ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ 1982ರಲ್ಲಿ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ ಆ ದಾರಿಯನ್ನು ಇಡೀ ಭಾರತಕ್ಕೆ ವಿಸ್ತರಿಸಿತು. ಈ ಓದನ್ನು ಗ್ರೀಸಿನವರೆಗೆ ಒಯ್ದರೆ ಏನು ಕಾಣುತ್ತದೆ ಎಂಬುದು ನನ್ನ ಪ್ರಶ್ನೆ.

ಅದಕ್ಕೆ ಸಾಫೊಕ್ಲೀಸನ ‘ಏಜಾಕ್ಸ್’ ನಾಟಕಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕಥೆ ಸರಳ. ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ಸಲ್ಲಬೇಕೆಂದು ಗ್ರೀಕ್ ವೀರ ಏಜಾಕ್ಸ್ ನಂಬಿದ್ದ. ಅವು ಒಡಿಸ್ಯೂಸನ ಪಾಲಾದವು. ಅವಮಾನದಿಂದ ಕುದಿದು ರಾತ್ರಿ ದಂಡನಾಯಕರನ್ನೇ ಕೊಲ್ಲಹೊರಟವನಿಗೆ ಅಥೀನಾ ದೇವಿ ಬುದ್ಧಿಭ್ರಮೆ ಕವಿಸಿದಳು. ನಾಯಕರೆಂದು ತಿಳಿದು ಅವನು ಸೈನ್ಯ ಸೂರೆತಂದ ದನಕುರಿಗಳನ್ನು ಕಡಿದುಹಾಕಿದ. ಬೆಳಗಾಗಿ ಭ್ರಮೆ ಇಳಿದಾಗ ನಾಚಿಕೆ ತಾಳಲಾರದೆ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ. ನಾಟಕದಲ್ಲಿ ಇರುವುದು 1420 ಸಾಲು. ಅವನು ಸಾಯುವುದು 865ರ ಹೊತ್ತಿಗೆ. ಉಳಿದ ಐನೂರೈವತ್ತಕ್ಕೂ ಹೆಚ್ಚು ಸಾಲುಗಳಲ್ಲಿ ನಡೆಯುವುದು ಒಂದೇ ಜಗಳ: ಈ ಹೆಣವನ್ನು ಹೂಳಬೇಕೇ, ನಾಯಿನರಿಗಳಿಗೆ ಬಿಡಬೇಕೇ? ದಂಡನಾಯಕ ಮೆನೆಲೇಯಸ್ ಬಿಡಬೇಕೆನ್ನುತ್ತಾನೆ, ಅಗಮೆಮ್ನನ್ ಬಿಡಬೇಕೆನ್ನುತ್ತಾನೆ, ಏಜಾಕ್ಸನ ಮಲತಮ್ಮ ಟ್ಯೂಸರ್ ಹೂಳಿಯೇ ತೀರುತ್ತೇನೆನ್ನುತ್ತಾನೆ. ಕೊನೆಗೆ ಸತ್ತವನ ವೈರಿ ಒಡಿಸ್ಯೂಸನೇ ಬಂದು ಹೂಳಲು ಬಿಡಿ ಎಂದು ಒಪ್ಪಿಸುತ್ತಾನೆ. ಯುರೋಪಿನ ವಿಮರ್ಶಕರಲ್ಲಿ ಅನೇಕರಿಗೆ ಈ ಉತ್ತರಾರ್ಧ ಬಹುಕಾಲ ತೊಡಕಾಗಿ ಕಂಡಿತು. ನಾಯಕ ಸತ್ತ ಮೇಲೆ ನಾಟಕ ಯಾಕೆ? ಎರಡು ನಾಟಕಗಳನ್ನು ಹೊಲಿದಂತಿದೆ, ದುರಂತ ಮುಗಿದು ವಾಗ್ವಾದ ಉಳಿದಿದೆ ಎಂದರು. ನಾಯಕನ ಮನಸ್ಸಿನ ಚರಿತ್ರೆಯೇ ನಾಟಕ ಎಂದು ಒಪ್ಪಿಕೊಂಡವರಿಗೆ ಹಾಗೆ ಕಾಣುವುದು ಸಹಜ.

ಆದರೆ ಆ ನಾಟಕವನ್ನು ನೋಡಲು ಕುಳಿತ ಅಥೆನ್ಸಿನವರಿಗೆ ಏಜಾಕ್ಸ್ ಬರಿಯ ಕಥೆಯ ಪಾತ್ರವಾಗಿರಲಿಲ್ಲ. ಅವನಿಗೆ ಪೂಜೆ ನಡೆಯುತ್ತಿತ್ತು. ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಅಥೆನ್ಸಿನ ಪ್ರಜೆಗಳನ್ನು ಹತ್ತು ಬಣಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಬ್ಬ ವೀರನ ಹೆಸರಿಟ್ಟಾಗ, ಸಾಲಮಿಸ್ ದ್ವೀಪದವನಾದ ಏಜಾಕ್ಸನಿಗೂ ಅದರಲ್ಲಿ ಸ್ಥಾನ ಸಿಕ್ಕಿತು. ಕ್ರಿ.ಪೂ. 480ರಲ್ಲಿ ಪಾರಸಿಕರ ನೌಕಾಪಡೆ ಎದುರು ನಿಂತಾಗ ಗ್ರೀಕರು ದೇವತೆಗಳನ್ನು ಪ್ರಾರ್ಥಿಸಿ ಸುಮ್ಮನಾಗಲಿಲ್ಲ. ಏಜಾಕ್ಸನನ್ನೂ ಅವನ ತಂದೆ ಟೆಲಮಾನನನ್ನೂ ಸಾಲಮಿಸಿನಿಂದಲೇ ನೆರವಿಗೆ ಕರೆದರು, ಅವರ ಕುಲದ ಹಿರಿಯ ಈಯಕಸ್ ಮತ್ತವನ ಮಕ್ಕಳನ್ನು ಕರೆತರಲು ಈಜೈನಾ ದ್ವೀಪಕ್ಕೆ ಒಂದು ಹಡಗನ್ನೇ ಕಳಿಸಿದರು. ಗೆದ್ದ ಮೇಲೆ ಸೆರೆಹಿಡಿದ ಒಂದು ಫಿನೀಷಿಯನ್ ನೌಕೆಯನ್ನು ಏಜಾಕ್ಸನಿಗೆ ಅರ್ಪಿಸಿದರು. ಇದೆಲ್ಲ ಹೆರೊಡೊಟಸ್ ಬರೆದಿಟ್ಟ ಸಂಗತಿ. ನಾಟಕದಲ್ಲಿ ಹೆಣದ ಪಕ್ಕ ಕೂದಲ ಎಳೆ ಹಿಡಿದು ಶರಣಾರ್ಥಿಯಾಗಿ ಕೂರುವ ಪುಟ್ಟ ಮಗ ಯೂರಿಸಕೀಸನಿಗೂ ಅಥೆನ್ಸಿನಲ್ಲಿ ಗುಡಿ ಇತ್ತು. ಅಂದಮೇಲೆ ನೋಡುಗರಿಗೆ ಉತ್ತರಾರ್ಧದ ಪ್ರಶ್ನೆ ತಮ್ಮದೇ ಪ್ರಶ್ನೆ. ಮರ್ಯಾದೆಗೆಟ್ಟು ಸತ್ತವನು, ಸ್ವಂತ ಪಡೆಯ ಮೇಲೆ ಕತ್ತಿ ಎತ್ತಿದವನು, ಊರನ್ನು ಕಾಯುವ ವೀರನಾದದ್ದು ಹೇಗೆ? ಅವನಿಗೆ ಗೋರಿ ದಕ್ಕಿದ ಬಗೆಯನ್ನು ತೋರಿಸದೆ ಸಾಫೊಕ್ಲೀಸ್ ನಾಟಕ ಮುಗಿಸುವಂತೆಯೇ ಇರಲಿಲ್ಲ.

ಕನ್ನಡಕ್ಕೆ ಈ ನಾಟಕ ಬಂದದ್ದು ಬಿ.ಎಂ. ಶ್ರೀಕಂಠಯ್ಯನವರ (‘ಶ್ರೀ’) ಮೂಲಕ. 1929ರ ‘ಅಶ್ವತ್ಥಾಮನ್’ನಲ್ಲಿ ಅವರು ಏಜಾಕ್ಸನ ಕಥೆಯನ್ನು ಮಹಾಭಾರತದ ಸೌಪ್ತಿಕಪರ್ವದ ಮೇಲೆ ಕೂರಿಸಿದರು. ಚಿರಂಜೀವಿಯೆಂದು ಜನ ನಂಬಿದವನನ್ನು ರಂಗದ ಮೇಲೆ ಸಾಯಿಸಿದ್ದು ಎಂಥ ಆಕ್ಷೇಪಕ್ಕೆ ಗುರಿಯಾಯಿತೆಂಬುದು ಸಾಹಿತ್ಯಚರಿತ್ರೆ ಬಲ್ಲವರಿಗೆ ಗೊತ್ತು. ಶ್ರೀಯವರ ಧೈರ್ಯ, ಅವರ ಹಳಗನ್ನಡದ ಗಾಂಭೀರ್ಯ ಎರಡನ್ನೂ ನಾನು ತಲೆಬಾಗಿ ಒಪ್ಪುತ್ತೇನೆ. ಆದರೆ ಆ ಆಯ್ಕೆಯಲ್ಲಿ ಒಂದು ನಷ್ಟವೂ ಇತ್ತೆಂದು ಹೇಳದಿರಲಾರೆ. ಅಶ್ವತ್ಥಾಮನಿಗೆ ಗೋರಿ ಇಲ್ಲ. ಅವನ ಹೆಸರು ಹೇಳಿ ಗಡಿ ಕಾಯುವ ಊರಿಲ್ಲ. ಪುರಾಣದಲ್ಲಿ ಅವನಿಗೆ ಸಾವೇ ಇಲ್ಲದಿರುವುದರಿಂದ ಅವನ ಹೆಣದ ಪ್ರಶ್ನೆಯೇ ಏಳುವುದಿಲ್ಲ. ಗ್ರೀಕ್ ಮಹಾಕಾವ್ಯಕ್ಕೆ ನಮ್ಮ ಮಹಾಕಾವ್ಯ ಸರಿಜೋಡಿ ಎಂಬ ಎಣಿಕೆ ಪೂರ್ವಾರ್ಧಕ್ಕೆ ಹೊಂದುತ್ತದೆ, ಉತ್ತರಾರ್ಧಕ್ಕೆ ಹೊಂದುವುದಿಲ್ಲ. ಶ್ರೀಯವರೇ 1935ರಲ್ಲಿ ಕನ್ನಡಕ್ಕೆ ತಂದ ಈಸ್ಕಿಲಸನ ‘ಪಾರಸಿಕರು’ ಅದೇ ಸಾಲಮಿಸ್ ಯುದ್ಧದ ನಾಟಕ. ಅದರ ನಡುಮಧ್ಯೆ ಗೋರಿಯಿಂದ ಎದ್ದುಬರುವ ದೊರೆ ದರಾಯಸನ ಪ್ರೇತವಿದೆ. ಮುಂದೆ ಲಂಕೇಶರು ತಂದ ‘ಅಂತಿಗೊನೆ’ ಇಡಿಯಾಗಿ ಹೂಳದ ಹೆಣವೊಂದರ ಸುತ್ತ ನಿಂತಿದೆ. ಕನ್ನಡ ಒಲಿದು ಆರಿಸಿಕೊಂಡ ಈ ಗ್ರೀಕ್ ನಾಟಕಗಳೆಲ್ಲ ಹೆಣ ಮತ್ತು ಗೋರಿಗಳ ಬಳಿಯೇ ಸುಳಿಯುತ್ತಿವೆ. ಇದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಏಜಾಕ್ಸನಿಗೆ ನಮ್ಮಲ್ಲಿ ಸರಿಯಾದ ಜೊತೆಗಾರನನ್ನು ಹುಡುಕುವುದಾದರೆ ದಾವಣಗೆರೆಯಿಂದ ಜಗಳೂರಿನ ದಾರಿ ಹಿಡಿದು ಅಣಜಿಗೆ ಹೋಗಬೇಕು. ಅಲ್ಲಿನ ಪ್ರಾಚೀನ ಸಂಸ್ಕೃತ ಶಾಸನ ಕದಂಬ ಕೃಷ್ಣವರ್ಮನ ಪಡೆ ನಣಕ್ಕಾಸ ಪಲ್ಲವನೊಡನೆ ಕಾದಿ ಸೋತದ್ದನ್ನು ಹೇಳುತ್ತದೆ. ಆ ಸೋಲಿನ ನಂತರ ಕೇಕಯ ವಂಶದ ಶಿವನಂದವರ್ಮ ಲೋಕದ ಭೋಗ ಒಲ್ಲದೆ, ಸ್ವರ್ಗ ಬಯಸಿ ದರ್ಭೆಯ ಹಾಸಿಗೆಯಲ್ಲಿ ಮಲಗಿದನೆಂದು ಸ್ಮರಿಸುತ್ತದೆ. ಅವನು ಗೆದ್ದವನಲ್ಲ. ಅವನ ಒಡೆಯ ಸೋತಿದ್ದಾನೆ, ಅವನು ಉಳಿದಿದ್ದಾನೆ, ಉಳಿದ ಬದುಕು ಅವನಿಗೆ ಬೇಡವಾಗಿದೆ. ಆದರೂ ಕಲ್ಲು ಅವನ ಹೆಸರನ್ನು ಕುಲದೊಂದಿಗೆ ಹೇಳಿ ಗೌರವಿಸುತ್ತದೆ. ಏಜಾಕ್ಸ್ ಕತ್ತಿ ನೆಟ್ಟ ಸಮುದ್ರದಂಡೆಗೂ ಶಿವನಂದವರ್ಮ ಹಾಸಿದ ದರ್ಭೆಗೂ ಚರಿತ್ರೆಯ ನಂಟಿಲ್ಲ; ಎರಡೂ ಸಮಾಜಗಳು ಕೇಳಿಕೊಂಡ ಪ್ರಶ್ನೆ ಮಾತ್ರ ಒಂದೇ. ಸೋತು ತಾನೇ ಸಾವನ್ನು ಆರಿಸಿಕೊಂಡವನಿಗೆ ಊರಿನ ನೆನಪಿನಲ್ಲಿ ಜಾಗವಿದೆಯೇ? ಅಣಜಿಯ ಕಲ್ಲು ಇದೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಸಾಫೊಕ್ಲೀಸ್ ಅದನ್ನೇ ಹೇಳಲು ಐನೂರು ಸಾಲು ಜಗಳವಾಡಿಸುತ್ತಾನೆ.

ತುರುಗಳ ವಿಷಯಕ್ಕೆ ಬಂದರೆ ಸಾದೃಶ್ಯ ಇನ್ನೂ ಆಳಕ್ಕಿಳಿಯುತ್ತದೆ. ವೀರಗಲ್ಲುಗಳ ಕಾರಣಗಳಲ್ಲಿ ಮತ್ತೆ ಮತ್ತೆ ಬರುವುದು ತುರುಗೋಳು. ವಿರಾಟಪರ್ವದ ಗೋಗ್ರಹಣವೂ ಅದೇ. ಗ್ರೀಕರಲ್ಲಿ ಹೆಸಿಯಡ್ ಕವಿ ವೀರರ ಯುಗ ನಾಶವಾದದ್ದಕ್ಕೆ ಎರಡು ಯುದ್ಧಗಳನ್ನು ಹೆಸರಿಸುತ್ತಾನೆ: ಒಂದು ಹೆಲೆನಳಿಗಾಗಿ ಟ್ರಾಯ್‌ನಲ್ಲಿ, ಇನ್ನೊಂದು ಈಡಿಪಸನ ಮಂದೆಗಳಿಗಾಗಿ ಥೀಬ್ಸ್‌ನಲ್ಲಿ. ‘ಇಲಿಯಡ್’ನ ಮೊದಲ ಸರ್ಗದಲ್ಲೇ ಅಕಿಲೀಸ್ ಟ್ರಾಯಿಗರು ತನ್ನ ದನಕುದುರೆಗಳನ್ನೇನೂ ಹೊಡೆದುಕೊಂಡು ಹೋಗಿರಲಿಲ್ಲ, ತನಗೂ ಅವರಿಗೂ ಸ್ವಂತ ವೈರವಿಲ್ಲ ಎನ್ನುತ್ತಾನೆ; ಮುಂದೆ ಅದೇ ಕಾವ್ಯದಲ್ಲಿ ಮುದುಕ ನೆಸ್ಟರ್ ತನ್ನ ಯೌವನದ ಪರಾಕ್ರಮವಾಗಿ ನೆನೆಯುವುದು ಒಂದು ತುರುಗೋಳನ್ನು. ಇಂಥ ಲೋಕದಲ್ಲಿ ಮಂದೆ ಕಾಯ್ದು ಸತ್ತವನು ವೀರ. ಹಾಗಿರುವಾಗ ಮಂದೆಯನ್ನೇ ಕತ್ತರಿಸಿ ನಿಂತ ಏಜಾಕ್ಸನ ನಾಚಿಕೆ ಎಷ್ಟು ದೊಡ್ಡದೆಂದು ಬರಿಯ ಹುಚ್ಚಿನ ಚಿತ್ರವಾಗಿ ಓದಿದವರಿಗೆ ಅರ್ಥವಾಗುವುದು ಕಷ್ಟ. ಅವನು ವೀರಗಲ್ಲಿನ ಕೆಳಪಟ್ಟಿಯನ್ನು ತಲೆಕೆಳಗು ಮಾಡಿದವನು. ಹೊನ್ನಾಳಿ, ಶಿಕಾರಿಪುರಗಳ ತುರುಗೋಳಿನ ಕಲ್ಲುಗಳನ್ನು ನೋಡಿದ ಕಣ್ಣಿಗೆ ಇದು ಟಿಪ್ಪಣಿಯ ನೆರವಿಲ್ಲದೆ ಹೊಳೆಯಬೇಕು.

ಇನ್ನೊಂದು ಸಾಕ್ಷ್ಯ ಸತ್ತವನ ಮಕ್ಕಳದು. ಕಾದಿ ಮಡಿದವನ ಮನೆಯವರಿಗೆ ಊರು ಅಥವಾ ಅರಸ ಭೂಮಿ ಕೊಡುತ್ತಿದ್ದರು. ನೆತ್ತರುಗೊಡಗೆ, ಕಲ್ನಾಡು ಎಂದು ಶಾಸನಗಳು ಹೇಳುವ ದತ್ತಿಗಳು ಈ ಬಗೆಯವು. ಕಲ್ಲಿಗೆ ಪೂಜೆ ತಪ್ಪದಂತೆ ಕಟ್ಟಳೆಯೂ ಇರುತ್ತಿತ್ತು. ಹತ್ತನೆಯ ಶತಮಾನದ ಆತಕೂರಿನ ಶಾಸನ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆಂದು ವಿಧಿಸುತ್ತದೆ. ಅಥೆನ್ಸಿನಲ್ಲಿ ಯುದ್ಧದಲ್ಲಿ ಸತ್ತವರ ಮಕ್ಕಳನ್ನು ಪ್ರಾಯಕ್ಕೆ ಬರುವವರೆಗೆ ನಗರವೇ ಸಾಕುತ್ತಿತ್ತು. ಪ್ರಾಯಕ್ಕೆ ಬಂದ ಆ ಅನಾಥರು ನಗರ ಕೊಟ್ಟ ಕವಚ ತೊಟ್ಟು, ಡಯೊನೈಸಸನ ಉತ್ಸವದಲ್ಲಿ ದುರಂತ ನಾಟಕಗಳು ಶುರುವಾಗುವ ಮುನ್ನ, ನೆರೆದ ಜನರೆದುರು ಹಾದುಹೋಗುತ್ತಿದ್ದರು. ಆ ಮೆರವಣಿಗೆ ಕಂಡ ಕಣ್ಣುಗಳೇ ನಂತರ ರಂಗದ ಮೇಲೆ ತಂದೆಯ ಹೆಣ ಹಿಡಿದು ಕುಳಿತ ಯೂರಿಸಕೀಸನನ್ನು ನೋಡಿದವು. ಸತ್ತವನು ಊರಿಗೆ ಸಾಲ ಹೊರಿಸಿ ಹೋಗಿದ್ದಾನೆ, ಅದನ್ನು ಊರು ತೀರಿಸಬೇಕು ಎಂಬ ಭಾವನೆ ಎರಡೂ ಕಡೆ ಸಂಸ್ಥೆಯಾಗಿ ಬೆಳೆದಿತ್ತು.

ಈ ಹೋಲಿಕೆಗೆ ಏಳುವ ಮೊದಲ ಆಕ್ಷೇಪ ಇತಿಹಾಸಕಾರರದು. ನೇರ ಸಂಪರ್ಕದ ಪುರಾವೆ ಇರುವಾಗ ಹೋಲಿಕೆಯ ಗೊಡವೆ ಏಕೆ? ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿನಾಣ್ಯ ಸಿಕ್ಕಿದೆ, ಮಾರ್ಟಿಮರ್ ವೀಲರ್ 1947ರಲ್ಲಿ ಅಲ್ಲಿ ಅಗೆದಿದ್ದಾರೆ. ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಪಪೈರಸ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆಯೆಂಬ ಚರ್ಚೆ ನೂರು ವರ್ಷಕ್ಕೂ ಹಿಂದಿನದು. ಇವೆಲ್ಲ ಅಮೂಲ್ಯ ಸಂಗತಿಗಳೇ. ಆದರೆ ನಾಣ್ಯ ಹೇಳುವುದು ವ್ಯಾಪಾರವನ್ನು. ಚಂದ್ರವಳ್ಳಿಯಲ್ಲಿ ಅದನ್ನು ಕೈಯಲ್ಲಿ ಹಿಡಿದವನಿಗೆ ರೋಮನರ ಸಾವುಬದುಕಿನ ಬಗ್ಗೆ ಏನೂ ತಿಳಿದಿರಬೇಕಿಲ್ಲ. ಸಂಪರ್ಕವಿದ್ದಲ್ಲಿ ಒಳಗಿನ ಅರಿವು ಇಲ್ಲದಿರಬಹುದು. ಅರಿವಿಗೆ ನೆರವಾಗುವ ಹೋಲಿಕೆಗೆ ಸಂಪರ್ಕ ಬೇಕಾಗಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ನಮ್ಮ ವೀರ ಸ್ವರ್ಗಕ್ಕೆ ಏರುತ್ತಾನೆ, ಗ್ರೀಕರ ವೀರ ನೆಲದೊಳಗೆ ಇರುತ್ತಾನೆ. ಎರಡನ್ನೂ ಒಂದೆನ್ನುವುದು ಹೇಗೆ? ಈ ಅಂತರವನ್ನು ಅಲ್ಲಗಳೆಯಬಾರದು, ಆದರೆ ಹಿಗ್ಗಿಸಲೂಬಾರದು. ವೀರಗಲ್ಲಿನ ಮೇಲ್ಪಟ್ಟಿಯಲ್ಲಿ ಕೈಲಾಸ ಸೇರಿದವನಿಗೆ ಕಲ್ಲಿನ ಬುಡದಲ್ಲಿ ಎಡೆ ಇಡುತ್ತಿದ್ದರು. ಅವನು ಅಲ್ಲೂ ಇದ್ದ, ಇಲ್ಲೂ ಇದ್ದ. ಗ್ರೀಕರಿಗೂ ಈ ಇಬ್ಬಗೆ ಹೊಸತಲ್ಲ. ‘ಒಡಿಸ್ಸಿ’ಯ ಹನ್ನೊಂದನೆಯ ಸರ್ಗದಲ್ಲಿ ಹೆರಾಕ್ಲೀಸನ ನೆರಳು ಪಾತಾಳದಲ್ಲಿದೆ, ಅವನು ಮಾತ್ರ ದೇವತೆಗಳ ಜೊತೆ ಔತಣದಲ್ಲಿದ್ದಾನೆ. ಗ್ರೀಕರು ದೇವರಿಗೆ ಒಂದು ಬಗೆಯ ಬಲಿ, ವೀರರಿಗೆ ನೆಲಕ್ಕೆ ರಕ್ತ ಸುರಿಯುವ ಇನ್ನೊಂದು ಬಗೆಯ ಬಲಿ ಕೊಡುತ್ತಿದ್ದರೆಂಬ ಹಳೆಯ ವಿಂಗಡಣೆಯೂ ಈಗ ಸಡಿಲಾಗಿದೆ: ಗುನ್ನೆಲ್ ಏಕ್ರೊಥ್ 2002ರಲ್ಲಿ ಸಾಕ್ಷ್ಯಗಳನ್ನೆಲ್ಲ ಕಲೆಹಾಕಿ, ವೀರರಿಗೂ ಸಾಮಾನ್ಯವಾಗಿ ನಡೆಯುತ್ತಿದ್ದುದು ಬಲಿ ಕೊಟ್ಟು ಎಲ್ಲರೂ ಕೂಡಿ ಉಣ್ಣುವ ಪೂಜೆಯೇ ಎಂದು ತೋರಿಸಿದರು. ನಿಜವಾದ ಅಂತರ ಇರುವುದು ಬೇರೆ ಕಡೆ, ಮೂಳೆಗಳಲ್ಲಿ. ಸ್ಪಾರ್ಟಾದವರು ಟೆಗಿಯಾ ಊರನ್ನು ಗೆಲ್ಲಲು ಅಲ್ಲಿಂದ ಒರೆಸ್ಟೀಸನ ಮೂಳೆಗಳನ್ನು ಗುಟ್ಟಾಗಿ ತರಬೇಕಾಯಿತು. ಅಥೆನ್ಸಿನ ಕಿಮಾನ್ ಸ್ಕೈರಸ್ ದ್ವೀಪದಿಂದ ಥೀಸಿಯಸನ ಮೂಳೆಗಳನ್ನು ಮೆರವಣಿಗೆಯಲ್ಲಿ ತಂದ. ವೀರನ ಶಕ್ತಿ ಮೂಳೆಯಲ್ಲಿರುವುದರಿಂದ ನಗರಗಳು ಅವನನ್ನು ಒಂದರಿಂದ ಇನ್ನೊಂದು ಕಸಿಯಬಹುದಿತ್ತು. ನಮ್ಮಲ್ಲಿ ದೇಹಕ್ಕಿಂತ ಕಲ್ಲು ಮುಖ್ಯ. ಆ ಕಲ್ಲಿನ ಜೊತೆಗೇ ಭೂಮಿಯ ಹಕ್ಕು ಬರುತ್ತದೆ. ಹಾಗಾಗಿ ಗ್ರೀಕ್ ವೀರ ವಂಶದ ಕೈಬಿಟ್ಟು ನಗರದ ಆಸ್ತಿಯಾಗುತ್ತಾನೆ, ಕನ್ನಡದ ವೀರ ಮಕ್ಕಳ ಹೊಲಕ್ಕೆ ಅಂಟಿಕೊಂಡು ಉಳಿಯುತ್ತಾನೆ. ಹೋಲಿಕೆ ಮಾಡದಿದ್ದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲ.

ಎಲ್ಲವನ್ನೂ ನಮ್ಮದೇ ಮಾಡಿಕೊಳ್ಳುವ ಅಪಾಯ ಇದರಲ್ಲಿಲ್ಲವೇ ಎಂಬುದು ಮೂರನೆಯ ಮಾತು. ಅಪಾಯವಿದೆ, ಅದಕ್ಕೆ ಮದ್ದು ಹೋಲಿಕೆಯನ್ನು ಬಿಡುವುದಲ್ಲ, ಬಿಗಿಗೊಳಿಸುವುದು. ಗ್ರೀಕ್ ಮತ್ತು ರೋಮನ್ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದನ್ನೇ ನೋಡಿ. ರೋಮನರು ಫೆಬ್ರವರಿ 13ರಿಂದ 21ರವರೆಗೆ ಪರೆಂಟಾಲಿಯ ಆಚರಿಸುತ್ತಿದ್ದರು. ಓವಿಡ್ ಕವಿ ಹೇಳುವಂತೆ ಗೋರಿಗೆ ಹೂಮಾಲೆ, ಒಂದಷ್ಟು ಧಾನ್ಯ, ಉಪ್ಪಿನ ಹರಳು, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ ಇಟ್ಟರೆ ಸಾಕಿತ್ತು, ಯುದ್ಧದ ಗದ್ದಲದಲ್ಲಿ ಅದನ್ನು ಮರೆತ ವರ್ಷ ಸತ್ತವರು ಎದ್ದು ಬೀದಿಗಳಲ್ಲಿ ಗೋಳಿಟ್ಟರು. ಇದು ಮಹಾಲಯ ಪಕ್ಷಕ್ಕೆ ಹತ್ತಿರ, ವೀರಗಲ್ಲಿಗಲ್ಲ. ಇಲ್ಲಿ ಸತ್ತವನು ಮನೆಯ ಹಿರಿಯ. ಅವನಿಗೆ ಹೆಸರು ಬೇಕಿಲ್ಲ, ಸಾಹಸ ಬೇಕಿಲ್ಲ. ಪಿತೃಗಳನ್ನೂ ವೀರರನ್ನೂ ಬೇರೆಬೇರೆಯಾಗಿ ಪೂಜಿಸುವ ನಮ್ಮ ಹಳ್ಳಿಯವರಿಗೆ ರೋಮಿಗೂ ಅಥೆನ್ಸಿಗೂ ಇರುವ ಈ ಅಂತರ ಬೇಗ ತಿಳಿಯುತ್ತದೆ. ಎಲ್ಲವನ್ನೂ ಒಂದು ಮಾಡುವ ಕೆಲಸ ಹೆಸರು ಜೋಡಿಸುವವರದು. ಆಚರಣೆ ಜೋಡಿಸಿದರೆ ಬೇರೆಯಾದದ್ದು ಬೇರೆಯಾಗಿಯೇ ನಿಲ್ಲುತ್ತದೆ.

ಈ ಬಿಗಿ ಅತ್ಯಂತ ಅಗತ್ಯವಾಗುವುದು ಹೆಣ್ಣಿನ ಕಲ್ಲುಗಳ ಮುಂದೆ. ಗಂಡನ ಚಿತೆಯೇರಿದವರಿಗೆ ನಿಲ್ಲಿಸಿದ, ಬಳೆತೊಟ್ಟ ತೋಳು ಎತ್ತಿದ ಮಾಸ್ತಿಕಲ್ಲುಗಳು ವೀರಗಲ್ಲುಗಳ ನೆರೆಯಲ್ಲೇ ಇವೆ, ಅವುಗಳನ್ನು ಬಿಟ್ಟು ಈ ವಾದ ಮುಗಿಸುವುದು ಪ್ರಾಮಾಣಿಕವಲ್ಲ. ಕ್ರಿ.ಪೂ. 420ರ ದಶಕದ್ದೆಂದು ಎಣಿಸುವ ‘ಶರಣಾರ್ಥಿಗಳು’ ನಾಟಕದಲ್ಲಿ ಯೂರಿಪಿಡೀಸ್ ಇವಾದ್ನೆ ಎಂಬ ಹೆಂಗಸನ್ನು ತರುತ್ತಾನೆ. ಥೀಬ್ಸ್‌ನಲ್ಲಿ ಸತ್ತ ಗಂಡ ಕಪನ್ಯೂಸನ ಚಿತೆ ಉರಿಯುತ್ತಿದೆ. ಅವಳು ಮದುವಣಗಿತ್ತಿಯಂತೆ ಸಿಂಗರಿಸಿಕೊಂಡು ಬಂಡೆಯ ಮೇಲೆ ನಿಂತಿದ್ದಾಳೆ, ಗೆಲುವಿನ ಮಾತಾಡುತ್ತಿದ್ದಾಳೆ. ಕೆಳಗೆ ತಂದೆ ಇಫಿಸ್ ಬೇಡವೆಂದು ಬೇಡಿಕೊಳ್ಳುತ್ತಾನೆ. ಅವಳು ಹಾರುತ್ತಾಳೆ. ಆಮೇಲೆ ಕೇಳಿಸುವುದು ಮುದಿ ತಂದೆಯ ಗೋಳು: ಮನೆಗೆ ಹೋಗಿ ಕತ್ತಲಲ್ಲಿ ಉಪವಾಸ ಬಿದ್ದು ಸವೆದುಹೋಗುತ್ತೇನೆ ಎನ್ನುತ್ತಾನೆ. ಅವಳಿಗೆ ಗುಡಿ ಕಟ್ಟುವ ಮಾತನ್ನು ಯಾರೂ ಎತ್ತುವುದಿಲ್ಲ. ನಮ್ಮಲ್ಲಿ 1057ರ ಬೆಳತೂರಿನ ಶಾಸನವಿದೆ. ಗಂಡ ಏಚ ಅರಸನ ಆಜ್ಞೆಯಿಂದ ತಲಕಾಡಿನಲ್ಲಿ ಕೊಲ್ಲಲ್ಪಟ್ಟ ಸುದ್ದಿ ಕೇಳಿ ದೇಕಬ್ಬೆ ಚಿತೆಯೇರಲು ಹೊರಡುತ್ತಾಳೆ. ತಂದೆತಾಯಿ ತಡೆಯುತ್ತಾರೆ, ಅವಳು ಕೇಳುವುದಿಲ್ಲ. ಅವರು ತಡೆದರೆಂಬುದನ್ನು ಆ ಶಾಸನದ ಕವಿ ಮರೆಮಾಚಿಲ್ಲ. ಆದರೂ ಅವನ ಪದ್ಯಗಳು ಹೊಗಳುವುದು ಅವಳ ನಿರ್ಧಾರವನ್ನು. ಅಥೆನ್ಸ್ ತನ್ನ ಗಂಡುವೀರರ ಗೋರಿ ಪೂಜಿಸಿ, ಇವಾದ್ನೆಯ ಸಾವನ್ನು ಒಬ್ಬ ತಂದೆಯ ಅಳಲಾಗಿ ನೋಡಿತು. ಕನ್ನಡನಾಡು ಎರಡಕ್ಕೂ ಕಲ್ಲು ನಿಲ್ಲಿಸಿತು. ವೀರನಿಗೆ ಸಲ್ಲುವ ಗೌರವ ಹೆಂಡತಿಯ ಸಾವಿಗೂ ಹಬ್ಬಿದ್ದು ಇಲ್ಲಿ ಹೇಗೆ, ಅಲ್ಲಿ ಅದು ಹಬ್ಬದೆ ನಿಂತದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಮತ್ತು ಹನ್ನೊಂದನೆಯ ಸಂಪುಟಗಳ ಮಾಸ್ತಿಕಲ್ಲುಗಳನ್ನು ಕಾಲಾನುಕ್ರಮದಲ್ಲಿ ಇಟ್ಟು, ಪಕ್ಕದ ವೀರಗಲ್ಲುಗಳ ದತ್ತಿಯ ಷರತ್ತುಗಳೊಡನೆ ಸೇರಿಸಿ ಓದಬೇಕು. ಭೂಮಿ ಯಾರಿಗೆ ಹೋಯಿತು, ಉಳಿದ ಮಕ್ಕಳು ಯಾರ ಆಸರೆಯಲ್ಲಿ ಬೆಳೆದರು, ವಿಧವೆಗೆ ಬದುಕಲು ಏನು ಉಳಿದಿತ್ತು ಎಂದು ಒಂದೊಂದು ಕಲ್ಲಿಗೂ ಕೇಳಬೇಕು.